ಶಿರಾಡಿಯಲ್ಲಿ ಒಡೆದ ಪಿಸ್ಟನ್: ಫೋರ್ಜ್ಡ್ ಹಾಕಿಸಿ ಮತ್ತೆ ಕಾಸ್ಟ್‌ಗೆ ಬಂದ ಒಂದು ಕಾರಿನ ಕಥೆ

ಇದು ಒಂದೇ ಕಾರಿನ ಕಥೆ. ಕಾರು ಯಾವುದು, ಮಾಲೀಕರು ಯಾರು, ಯಾವ ಗ್ಯಾರೇಜು ಅಂತ ಹೇಳುವುದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ, ಅಳತೆಗಳನ್ನು ಮಾತ್ರ ಮುಟ್ಟಿಲ್ಲ. ಯಾಕೆಂದರೆ ಈ ಕಥೆಯಲ್ಲಿ ಇರುವುದೇ ಅಳತೆ. ನಾನು ಮೆಕ್ಯಾನಿಕ್ ಅಲ್ಲ, ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ದಾಖಲಿಸುವ ಲಾಗ್ ಓದಿ ಏನಾಗಿದೆ ಅಂತ ಹೇಳುವ ಹವ್ಯಾಸ ಇರುವವನು. ಈ ಪ್ರಕರಣದಲ್ಲಿ ಮೊದಲ ತಪ್ಪು ಸಲಹೆ ಕೊಟ್ಟವರಲ್ಲಿ ನಾನೂ ಒಬ್ಬ.

ಕಾರು 1.5 ಲೀಟರಿನ ಪೆಟ್ರೋಲ್ ಸೆಡಾನ್. ನಾಲ್ಕು ಸಿಲಿಂಡರ್, ಬೋರ್ (ಸಿಲಿಂಡರಿನ ಒಳಗಿನ ಅಗಲ) 75 ಮಿ.ಮೀ., ಕಂಪ್ರೆಷನ್ (ಒಳಗಿನ ಗಾಳಿಯನ್ನು ಎಷ್ಟು ಪಟ್ಟು ಅದುಮುತ್ತದೆ ಅನ್ನುವುದು) ಸುಮಾರು 10.3. ಕಾರ್ಖಾನೆಯಿಂದ ಬಂದಾಗ ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ) ಇರಲಿಲ್ಲ. ಮಾಲೀಕರು ಬೆಂಗಳೂರಲ್ಲಿ ಕೆಲಸ ಮಾಡುವವರು, ಹೆಂಡತಿ, ಇಬ್ಬರು ಮಕ್ಕಳು. ಊರು ಕರಾವಳಿ ಕಡೆ, ಒಂದೂವರೆ ತಿಂಗಳಿಗೊಮ್ಮೆ ಹೋಗಿಬರುವುದು. ದಿನನಿತ್ಯದ ಓಡಾಟ ಹೀಗೆ: ಬೆಳಿಗ್ಗೆ ನಾಲ್ಕೂವರೆ ಕಿಲೋಮೀಟರ್ ಶಾಲೆ, ಅಲ್ಲಿಂದ ವಾಪಸ್ಸು, ಅರ್ಧ ಗಂಟೆ ಬಿಟ್ಟು ಆಫೀಸು. ಆಫೀಸು 18 ಕಿಲೋಮೀಟರ್, ಅದರಲ್ಲಿ ಅರ್ಧ ಹೊತ್ತು ನಿಂತಲ್ಲೇ ನಿಂತಿರುವುದು. ಈ ದಿನಚರಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

2022ರ ಕೊನೆಗೆ ಇವರು ಟರ್ಬೊ ಕಿಟ್ ಹಾಕಿಸಿದರು. ಚಿಕ್ಕ ಟರ್ಬೊ, ಅದರ ಗಾಳಿಯನ್ನು ತಣಿಸುವ ಚಿಕ್ಕ ಇಂಟರ್‌ಕೂಲರ್, ಬೇರೆ ಇಸಿಯು, ಬೂಸ್ಟ್ (ಟರ್ಬೊ ಸೇರಿಸುವ ಹೆಚ್ಚುವರಿ ಒತ್ತಡ) 0.4 ಬಾರ್. ಎಂಜಿನ್ ಒಳಗೆ ಏನೂ ಮುಟ್ಟಿರಲಿಲ್ಲ. ಇದು ಕಾನೂನಿನ ಪ್ರಕಾರ ಸರೀನಾ ಅಂದರೆ, ಅಲ್ಲ. ವಾಹನ ಮಾರ್ಪಡಿಸುವುದರ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪೂ ಬಂದಿದೆ, ಇನ್ಶೂರೆನ್ಸ್‌ನವರು ಕ್ಲೈಮ್ ಹೊತ್ತಿಗೆ ಕೈ ಎತ್ತಬಹುದು. ಮಾಲೀಕರಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೇ ಮಾಡಿದರು. ಅದರ ಬಗ್ಗೆ ಇಲ್ಲಿ ವಾದ ಬೇಡ.

ನಾಲ್ಕು ತಿಂಗಳು ಕಾರು ಚೆನ್ನಾಗಿ ಓಡಿತು.

ಏಪ್ರಿಲ್‌ನ ಆ ಮಧ್ಯಾಹ್ನ

2023ರ ಏಪ್ರಿಲ್, ಊರಿಂದ ವಾಪಸ್ಸು ಬರುವಾಗ. ಕಾರಲ್ಲಿ ನಾಲ್ಕು ಜನ, ಡಿಕ್ಕಿಯಲ್ಲಿ ಎರಡು ಹಲಸಿನ ಹಣ್ಣು, ಒಂದು ಮೂಟೆ ತೆಂಗಿನಕಾಯಿ. ಎಸಿ ಫುಲ್. ಗುಂಡ್ಯ ದಾಟಿ ಶಿರಾಡಿ ಹತ್ತುವಾಗ ಮುಂದೆ ಒಂದು ಟ್ಯಾಂಕರ್. ಸುಮಾರು ಹೊತ್ತು ಅದರ ಹಿಂದೆ ತೆವಳಿ, ಜಾಗ ಸಿಕ್ಕಿದ ಕೂಡಲೇ ಮೂರನೇ ಗೇರಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರು. ತಗಡಿನ ಡಬ್ಬಿಯೊಳಗೆ ಜಲ್ಲಿ ಹಾಕಿ ಅಲ್ಲಾಡಿಸಿದ ಹಾಗೆ ಚರಚರ ಅಂತ ಒಂದು ಸದ್ದು ಕೇಳಿತಂತೆ. ಹತ್ತು ಹನ್ನೊಂದು ಸೆಕೆಂಡು. ಮಕ್ಕಳ ಗಲಾಟೆಯಲ್ಲಿ ಅದು ಹೊರಗಿನ ಸದ್ದೋ ಒಳಗಿನದೋ ಗೊತ್ತಾಗಲಿಲ್ಲ. ಸಕಲೇಶಪುರದಲ್ಲಿ ಟೀ ಕುಡಿದು ಕಾರು ಸ್ಟಾರ್ಟ್ ಮಾಡಿದರೆ ಹಿಂದೆ ನೀಲಿ ಹೊಗೆ.

ಬೆಂಗಳೂರಿಗೆ ನಿಧಾನವಾಗಿ ಬಂದು ತಲುಪಿದರು. ಸಿಲಿಂಡರುಗಳ ಕಂಪ್ರೆಷನ್ ಒತ್ತಡ ಅಳೆದು ನೋಡಿದಾಗ ಮೂರು ಸಿಲಿಂಡರಿನಲ್ಲಿ 170ರ ಆಸುಪಾಸು ಪಿಎಸ್‌ಐ, ಮೂರನೆಯದರಲ್ಲಿ ಬರೀ 60. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಬುಸುಬುಸು ಗಾಳಿ. ಹೆಡ್ (ಎಂಜಿನ್ನಿನ ಮೇಲ್ಭಾಗ) ತೆಗೆದು ಪಿಸ್ಟನ್ (ಸಿಲಿಂಡರಿನೊಳಗೆ ಮೇಲೆ ಕೆಳಗೆ ಓಡುವ ಭಾಗ) ಹೊರಗೆಳೆದಾಗ ಕಂಡದ್ದು: ಪಿಸ್ಟನ್ ಸುತ್ತ ಸೋರಿಕೆ ತಡೆಯುವ ಉಂಗುರಗಳಲ್ಲಿ ಮೇಲಿನ ರಿಂಗಿಗೂ ಎರಡನೇ ರಿಂಗಿಗೂ ನಡುವೆ ಇರುವ ಪಟ್ಟಿ, ಅಂದರೆ ರಿಂಗ್ ಲ್ಯಾಂಡ್, ಬಿಸ್ಕತ್ತಿನ ಅಂಚು ಮುರಿದ ಹಾಗೆ ಎರಡು ಇಂಚು ಉದ್ದಕ್ಕೆ ಮುರಿದು ಬಂದಿತ್ತು. ಪಿಸ್ಟನ್ನಿನ ತಲೆ ಕರಗಿರಲಿಲ್ಲ, ತೂತಾಗಿರಲಿಲ್ಲ. ಬೋರಿನಲ್ಲಿ ಉಗುರಿಗೆ ಸಿಗುವಂಥ ಎರಡು ಗೀರು.

ಇದರ ಫೋಟೊ ನನಗೆ ಬಂತು. ನಾನು ಆಫೀಸಿನ ಕ್ಯಾಂಟೀನಲ್ಲಿದ್ದೆ. ಫೋಟೊ ನೋಡಿ ಎರಡು ಸಾಲು ಬರೆದೆ: "ಕಾಸ್ಟ್ ಪಿಸ್ಟನ್ ಅಲ್ವಾ, ಟರ್ಬೊಗೆ ತಡೆಯಲ್ಲ. ಫೋರ್ಜ್ಡ್ ಹಾಕಿಸಿಬಿಡಿ." ಲಾಗ್ ಕೇಳಲಿಲ್ಲ. ಅವರ ಫೋನಲ್ಲಿ ಆ ದಿನದ ಲಾಗ್ ಪೂರ್ತಿ ಇತ್ತು. ಗ್ಯಾರೇಜಿನವರೂ ಕೇಳಲಿಲ್ಲ. ಒಡೆದ ಪಿಸ್ಟನ್ ಕಣ್ಣೆದುರಿಗೆ ಇದ್ದಾಗ ತಪ್ಪು ಪಿಸ್ಟನ್ನಿನದೇ ಅನ್ನಿಸುತ್ತದೆ.

ಕಾಸ್ಟ್, ಫೋರ್ಜ್ಡ್: ಏನು ವ್ಯತ್ಯಾಸ

ಗೊತ್ತಿರುವವರು ಇದನ್ನು ಹಾರಿಸಿ ಮುಂದೆ ಹೋಗಿ. ಕಾಸ್ಟ್ ಅಂದರೆ ಕರಗಿದ ಅಲ್ಯೂಮಿನಿಯಂ ಅಚ್ಚಿಗೆ ಹುಯ್ದು ಮಾಡಿದ್ದು. ಫೋರ್ಜ್ಡ್ ಅಂದರೆ ಬಿಸಿ ಗಟ್ಟಿಯನ್ನು ಭಾರಿ ಪ್ರೆಸ್ಸಲ್ಲಿ ಒತ್ತಿ, ಆಮೇಲೆ ಕಡೆದು ಮಾಡಿದ್ದು. ಇಡ್ಲಿಗೂ ಮುದ್ದೆಗೂ ಇರುವ ವ್ಯತ್ಯಾಸ ಅಂದುಕೊಳ್ಳಿ: ಒಂದನ್ನು ಹುಯ್ದು ಬಿಡುತ್ತೇವೆ, ಇನ್ನೊಂದನ್ನು ಕೋಲು ಹಾಕಿ ತಿರುವಿ ಒಳಗೆ ಗಾಳಿಯೇ ಇಲ್ಲದ ಹಾಗೆ ಮಾಡುತ್ತೇವೆ. ಏಟು ಬಿದ್ದರೆ ಕಾಸ್ಟ್ ಬಿರುಕು ಬಿಡುತ್ತದೆ. ಫೋರ್ಜ್ಡ್ ಬಗ್ಗುತ್ತದೆ, ಸ್ವಲ್ಪ ಹೊತ್ತು ತಡೆಯುತ್ತದೆ.

ಆದರೆ ಮಾಡುವ ವಿಧಾನಕ್ಕಿಂತ ಲೋಹದ ಮಿಶ್ರಣ ದೊಡ್ಡ ವಿಷಯ. ಅಲ್ಯೂಮಿನಿಯಮ್ಮಿಗೆ ಸಿಲಿಕಾನ್ ಸೇರಿಸಿದರೆ ಬಿಸಿಯಾದಾಗ ಹಿಗ್ಗುವುದು ಕಮ್ಮಿಯಾಗುತ್ತದೆ, ಸವೆತ ಕಮ್ಮಿಯಾಗುತ್ತದೆ, ಜೊತೆಗೆ ಪೆಡಸೂ ಆಗುತ್ತದೆ. ಮಾಮೂಲಿ ಕಾಸ್ಟ್ ಪಿಸ್ಟನ್ನಿನಲ್ಲಿ ಸಿಲಿಕಾನ್ ಶೇ. 12ರ ಸುತ್ತಮುತ್ತ, ಹೈಪರ್‌ಯುಟೆಕ್ಟಿಕ್ ಅನ್ನುವುದರಲ್ಲಿ ಶೇ. 16ರಿಂದ 18. ಫೋರ್ಜ್ಡ್‌ನಲ್ಲಿ ಮುಖ್ಯವಾಗಿ ಎರಡು ಮಿಶ್ರಣ. 4032 ಅನ್ನುವುದರಲ್ಲಿ ಸಿಲಿಕಾನ್ ಶೇ. 12ರ ಹತ್ತಿರ ಇದೆ. 2618 ಅನ್ನುವುದರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ರೇಸಿನವರಿಗೆ 2618 ಇಷ್ಟ, ಏಟು ತಡೆಯುವುದರಲ್ಲಿ ಅದೇ ಗಟ್ಟಿ.

75 ಮಿ.ಮೀ. ಪಿಸ್ಟನ್ 100 ಡಿಗ್ರಿ ಬಿಸಿಯೇರಿದರೆ, 2618 ಸುಮಾರು 0.167 ಮಿ.ಮೀ. ಹಿಗ್ಗುತ್ತದೆ, 4032 ಸುಮಾರು 0.146, ಮಾಮೂಲಿ ಕಾಸ್ಟ್ ಹೆಚ್ಚುಕಮ್ಮಿ ಅಷ್ಟೇ, ಹೈಪರ್‌ಯುಟೆಕ್ಟಿಕ್ ಇನ್ನೂ ಒಂದು ಸ್ವಲ್ಪ ಕಮ್ಮಿ. ವ್ಯತ್ಯಾಸ ಕೂದಲೆಳೆಗಿಂತ ತೆಳು. ಆದರೆ ಪಿಸ್ಟನ್ನಿಗೂ ಬೋರಿಗೂ ನಡುವೆ ಬಿಡುವ ಸಂದು ಕೂಡ ಕೂದಲೆಳೆ ಲೆಕ್ಕದ್ದೇ. ಈ ಕಾರಲ್ಲಿ ಕಾಸ್ಟ್‌ಗೆ 0.03 ಸಾಕಿತ್ತು, 4032ಗೆ 0.045 ರಿಂದ 0.05 ಬೇಕು, 2618ಗೆ 0.08. ಹೆಚ್ಚು ಸಂದು ಬಿಟ್ಟರೆ ತಣ್ಣಗಿದ್ದಾಗ ಪಿಸ್ಟನ್ ಆ ಕಡೆ ಈ ಕಡೆ ಒಲೆದು ಬೋರಿಗೆ ಬಡಿಯುತ್ತದೆ. ಅದೇ ಪಿಸ್ಟನ್ ಸ್ಲ್ಯಾಪ್.

ಶಾಲೆಗೆ ಹೋಗುವ ನಾಲ್ಕೂವರೆ ಕಿಲೋಮೀಟರ್ ನೆನಪಿದೆ ತಾನೆ?

ಮೊದಲ ಪ್ರಯತ್ನ

ಗ್ಯಾರೇಜಿನವರು ಕೊಟ್ಟ ಆಯ್ಕೆ ಎರಡೇ. ಕಂಪನಿ ಪಿಸ್ಟನ್ ಸೆಟ್ಟು ರಿಂಗ್ ಸೇರಿ 14 ಸಾವಿರದ ಹತ್ತಿರ. ಹೊರದೇಶದ 2618 ಫೋರ್ಜ್ಡ್ ಸೆಟ್ಟು ಸುಂಕ ಎಲ್ಲ ಸೇರಿ 70 ಸಾವಿರದ ಹತ್ತಿರ, ಯಾರೋ ತರಿಸಿ ಬಳಸದೆ ಬಿಟ್ಟದ್ದು, ಇವತ್ತೇ ಸಿಗುತ್ತದೆ. 4032 ಬೇಕಿದ್ದರೆ ಆರ್ಡರ್ ಕೊಟ್ಟು ಎರಡು ಮೂರು ತಿಂಗಳು ಕಾಯಬೇಕು. ಮಕ್ಕಳ ಶಾಲೆ ಶುರುವಾಗುತ್ತಿತ್ತು, ಕಾರು ಬೇಕಿತ್ತು. "ಒಂದ್ಸಲ ಫೋರ್ಜ್ಡ್ ಹಾಕಿದ್ರೆ ಮುಗೀತು ಸಾರ್, ಲೈಫ್‌ಟೈಮ್ ಟೆನ್ಶನ್ ಇರಲ್ಲ" ಅಂದರು ಗ್ಯಾರೇಜಿನವರು. ನನ್ನ ಎರಡು ಸಾಲಿನ ಸಂದೇಶವೂ ಅದನ್ನೇ ಹೇಳುತ್ತಿತ್ತು. 2618 ಬಂತು.

ನಿರ್ಧಾರ ಹೇಗಾಯಿತು ನೋಡಿ. ಯಾವ ಲೋಹ ಅನ್ನುವುದನ್ನು ಕಾರಿನ ಬಳಕೆ ನಿರ್ಧರಿಸಲಿಲ್ಲ, ಅಂಗಡಿಯಲ್ಲಿ ಆ ದಿನ ಏನಿತ್ತು ಅನ್ನುವುದು ನಿರ್ಧರಿಸಿತು. ಅಷ್ಟೇ ಅಲ್ಲ, ಆ ಸೆಟ್ಟು ಹೆಚ್ಚು ಬೂಸ್ಟಿಗಾಗಿ ಮಾಡಿದ್ದು. ಕಂಪ್ರೆಷನ್ 9ಕ್ಕೆ ಇಳಿಯುತ್ತಿತ್ತು. ಆಗ ಇದನ್ನು ಎಲ್ಲರೂ ಒಳ್ಳೆಯದು ಅಂದೇ ತಿಳಿದರು.

ಬ್ಲಾಕನ್ನು (ಸಿಲಿಂಡರುಗಳಿರುವ ಎಂಜಿನ್ನಿನ ಒಡಲು) 75.50ಕ್ಕೆ ಬೋರ್ ಮಾಡಿಸಿ, 0.08 ಸಂದು ಬಿಟ್ಟು ಜೋಡಿಸಿದರು. ಲೇತ್ ಕೆಲಸದಲ್ಲಿ ತಪ್ಪಿರಲಿಲ್ಲ, ಪಿಸ್ಟನ್ ಜೊತೆ ಬಂದ ಕಾಗದದಲ್ಲಿ ಇದ್ದ ಅಳತೆಯೇ ಅದು. ಜುಲೈನಲ್ಲಿ ಕಾರು ರಸ್ತೆಗೆ ಬಂತು.

ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಹಳೇ ಡೀಸೆಲ್ ಜೀಪಿನ ಸದ್ದು. ಟಕಟಕಟಕ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ ಅದು ಎರಡು ಪಟ್ಟು ಕೇಳುತ್ತದೆ. ಫೋರ್ಜ್ಡ್ ಅಂದರೆ ಹೀಗೇ, ಬಿಸಿಯಾದ ಮೇಲೆ ಹೋಗುತ್ತದೆ ಅಂತ ಎಲ್ಲರೂ ಹೇಳಿದರು, ಅದು ನಿಜ ಕೂಡ. ಹೆದ್ದಾರಿಯಲ್ಲಿ ಕಾರು ಸದ್ದಿಲ್ಲದೆ ಓಡುತ್ತಿತ್ತು. ಆದರೆ ಶಾಲೆ ಬರುವ ಹೊತ್ತಿಗೆ ಕೂಲೆಂಟ್ ಬಿಸಿಯಾದರೂ ಆಯಿಲ್ ಬಿಸಿಯಾಗುತ್ತಿರಲಿಲ್ಲ. ಅಲ್ಲಿಂದ ವಾಪಸ್ಸು, ಆಫ್. ಮತ್ತೆ ಅರ್ಧಂಬರ್ಧ ತಣ್ಣಗಾದ ಎಂಜಿನ್ ಸ್ಟಾರ್ಟ್. ದಿನಕ್ಕೆ ಇಂಥ ಮೂರು ನಾಲ್ಕು ಓಟ. ಈ ಪಿಸ್ಟನ್ ತನಗೆ ಬೇಕಾದ ಬಿಸಿಯಲ್ಲಿ ಇದ್ದ ಹೊತ್ತಿಗಿಂತ ಅದನ್ನು ಕಾಯುತ್ತ ಬಡಿದುಕೊಂಡ ಹೊತ್ತೇ ಜಾಸ್ತಿ ಇರಬೇಕು.

ಎರಡನೆಯದು, ಕಾರು ಕೆಳಗಿನ ವೇಗದಲ್ಲಿ ಸೋಮಾರಿಯಾಯಿತು. 2,500 ಆರ್‌ಪಿಎಂ ಕೆಳಗೆ ಟರ್ಬೊ ಇನ್ನೂ ಎದ್ದಿರುವುದಿಲ್ಲ, ಅಲ್ಲಿ ಕೆಲಸ ಮಾಡುವುದು ಕಂಪ್ರೆಷನ್. ಅದನ್ನೇ 10.3ರಿಂದ 9ಕ್ಕೆ ಇಳಿಸಿದ್ದೆವು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಕಾರು ಇಡೀ ದಿನ ಇರುವುದೇ ಆ 2,500ರ ಕೆಳಗೆ. ಮೈಲೇಜು 13ರಿಂದ 10.5ಕ್ಕೆ ಬಂತು. ಆಯಿಲ್ 2,500 ಕಿಲೋಮೀಟರಿಗೆ ಒಂದು ಲೀಟರ್ ಕುಡಿಯತೊಡಗಿತು.

ಮೂರನೆಯದೇ ಅಪಾಯದ್ದು. ಎಂಜಿನ್ನಿನ ಬ್ಲಾಕಿಗೆ ಒಂದು ನಾಕ್ ಸೆನ್ಸರ್ ಇರುತ್ತದೆ, ಕಿವಿ ಇದ್ದ ಹಾಗೆ. ಪೆಟ್ರೋಲ್ ಹೊತ್ತಿಕೊಳ್ಳಬೇಕಾದ ಕ್ರಮ ಬಿಟ್ಟು ಒಮ್ಮೆಗೇ ಸಿಡಿದರೆ ಬರುವ ಸದ್ದನ್ನು ಅದು ಹಿಡಿಯುತ್ತದೆ. ಈ ಬೋರಿಗೆ ಆ ಸದ್ದು ಸುಮಾರು 7.6 ಕಿಲೋಹರ್ಟ್ಜ್ ಹತ್ತಿರ ಬರಬೇಕು. ಕೇಳಿದ ಕೂಡಲೇ ಇಸಿಯು ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ, ಅಂದರೆ ಕಿಡಿ ಹಾರುವ ಹೊತ್ತನ್ನು ತಡ ಮಾಡುತ್ತದೆ. ಸ್ಲ್ಯಾಪ್ ಸದ್ದು ಒಂದೇ ಕಡೆ ನಿಲ್ಲುವುದಿಲ್ಲ, ಎಲ್ಲ ಕಡೆ ಚೆಲ್ಲಿಕೊಂಡಿರುತ್ತದೆ, ಆ 7.6ರ ಹತ್ತಿರವೂ. ಸೆನ್ಸರ್ ಪಾಪ, ಸ್ಲ್ಯಾಪನ್ನೇ ನಾಕ್ ಅಂದುಕೊಂಡು ಇಡೀ ಬೆಳಿಗ್ಗೆ ಟೈಮಿಂಗ್ ಎಳೆಯುತ್ತಿತ್ತು. ಮೈಲೇಜು ಬೀಳಲು ಇದೂ ಕಾರಣ.

ಕಾರನ್ನು ಟ್ಯೂನ್ ಮಾಡಿದವರು, ಅಂದರೆ ಇಸಿಯುಗೆ ಅಂಕಿಗಳನ್ನು ತುಂಬಿದವರು, ಪರಿಹಾರ ಹೇಳಿದರು: ಸೆನ್ಸರಿನ ಸೂಕ್ಷ್ಮತೆ ಕಮ್ಮಿ ಮಾಡೋಣ, ಐದು ನಿಮಿಷದ ಕೆಲಸ. ಮಾಲೀಕರು ಹೂಂ ಅನ್ನುವುದರಲ್ಲಿದ್ದರು. ಅವತ್ತು ರಾತ್ರಿ ಫೋನ್ ಮಾಡಿ ಕೇಳಿದರು. ಬೊಗಳುತ್ತದೆ ಅಂತ ಮನೆ ನಾಯಿಯ ಬಾಯಿ ಕಟ್ಟಿದ ಹಾಗಾಗುತ್ತದೆ, ಒಂದು ವಾರ ತಡೆಯಿರಿ, ಹಳೇ ಲಾಗ್ ಏನಾದರೂ ಇದೆಯಾ ಅಂತ ಕೇಳಿದೆ. ಏಪ್ರಿಲ್‌ನದ್ದೇ ಇದೆ ಅಂದರು. ನನಗೆ ನಾಚಿಕೆಯಾಯಿತು. ಎಂಟು ತಿಂಗಳಿಂದ ಅದು ಅವರ ಫೋನಲ್ಲೇ ಇತ್ತು.

ಲಾಗ್‌ನಲ್ಲಿ ಇದ್ದದ್ದು

ಇಡೀ ಪ್ರಕರಣ ತಿರುಗಿದ್ದು ಇಲ್ಲಿ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು 91 ಕಿಲೋಪಾಸ್ಕಲ್. ಕರಾವಳಿಯಲ್ಲಿ 101. ಈ ಕಾರಿನ ಬೂಸ್ಟನ್ನು ನಿಯಂತ್ರಿಸುತ್ತಿದ್ದುದು ಸ್ಪ್ರಿಂಗ್ ಇರುವ ಸಾದಾ ವೇಸ್ಟ್‌ಗೇಟ್. ಅದಕ್ಕೆ ಗೊತ್ತಿರುವುದು ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಅನ್ನುವುದು ಮಾತ್ರ. ಅದು ಎಲ್ಲಿದ್ದರೂ 0.4 ಬಾರ್, ಅಂದರೆ 40 ಕಿಲೋಪಾಸ್ಕಲ್ ಸೇರಿಸುತ್ತದೆ. ಬೆಂಗಳೂರಲ್ಲಿ 91ಕ್ಕೆ 40 ಸೇರಿ 131. ಘಾಟಿಯ ಬುಡದಲ್ಲಿ 140.

ಡ್ಯಾಶ್‌ಬೋರ್ಡ್ ಮೇಲಿನ ಗೇಜು ಎರಡು ಕಡೆಯೂ 0.4 ಅಂತಲೇ ತೋರಿಸುತ್ತದೆ. ಒಳಗೆ ಹೋಗುವ ಗಾಳಿ ಮಾತ್ರ ಶೇ. 7ರಷ್ಟು ಜಾಸ್ತಿ.

ಇಸಿಯು ಟೈಮಿಂಗ್ ಕೋಷ್ಟಕದಲ್ಲಿ ಈ ಒತ್ತಡಕ್ಕೆ 100, 110, 120, 130 ಅಂತ ಸಾಲುಗಳಿವೆ. ಟ್ಯೂನ್ ಮಾಡಿದ್ದು ಬೆಂಗಳೂರಲ್ಲಿ. ಇಲ್ಲಿ ಕಾರು 131 ದಾಟುವುದೇ ಇಲ್ಲ. ಹಾಗಾಗಿ 140, 150ರ ಸಾಲನ್ನು ಯಾರೂ ಮುಟ್ಟಿರಲಿಲ್ಲ, 130ರ ಅಂಕಿಗಳನ್ನೇ ಹಾಗೇ ಕೆಳಗೆ ನಕಲು ಮಾಡಿದ್ದರು. ಒತ್ತಡ ಏರಿದಂತೆ ಟೈಮಿಂಗ್ ಕಮ್ಮಿಯಾಗಬೇಕು, ಅಂದರೆ ಕಿಡಿ ತಡವಾಗಬೇಕು. ಅಲ್ಲಿ ಆಗಿರಲಿಲ್ಲ. ಕಾರು ಬೆಂಗಳೂರಲ್ಲಿ ಎಷ್ಟು ತಿಂಗಳು ಓಡಿದ್ದರೂ ಈ ತಪ್ಪು ಹೊರಗೆ ಬರುತ್ತಿರಲಿಲ್ಲ. ಅದಕ್ಕೆ ಮುಂಚೆ ಊರಿಗೆ ಹೋಗಿಬಂದಾಗಲೂ ಬಂದಿರಲಿಲ್ಲ, ಚಳಿಗಾಲ, ಖಾಲಿ ರಸ್ತೆ, ಫುಲ್ ಒತ್ತುವ ಪ್ರಸಂಗವೇ ಬಂದಿರಲಿಲ್ಲ.

ಏಪ್ರಿಲ್‌ನ ಲಾಗ್ ಹೀಗಿತ್ತು. ಟ್ಯಾಂಕರ್ ಹಿಂದೆ ತೆವಳುವಾಗ ಒಳಗೆ ಹೋಗುವ ಗಾಳಿಯ ಬಿಸಿ 64 ಡಿಗ್ರಿಗೆ ಏರಿದೆ, ಆ ಚಿಕ್ಕ ಇಂಟರ್‌ಕೂಲರಿಗೆ ಗಾಳಿಯೇ ಸಿಕ್ಕಿಲ್ಲ. ಟ್ಯಾಂಕಿನಲ್ಲಿ ದಾರಿಬದಿಯ ಬಂಕಿನ ಮಾಮೂಲಿ 91 ಆಕ್ಟೇನ್ (ಪೆಟ್ರೋಲ್ ನಾಕ್ ಎಷ್ಟು ತಡೆಯುತ್ತದೆ ಅನ್ನುವ ಅಳತೆ). ಬೆಂಗಳೂರಲ್ಲಿ ಇವರು 95 ಹಾಕಿಸುತ್ತಿದ್ದರು, ಟ್ಯೂನ್ ಮಾಡಿದ್ದೂ ಅದಕ್ಕೇ. 139 ಕಿಲೋಪಾಸ್ಕಲ್, 3,100 ಆರ್‌ಪಿಎಂ, ನಾಕ್ ಸೆನ್ಸರ್ ಕಿರುಚಿದೆ. ಟೈಮಿಂಗ್ ಹಿಂದೆಳೆಯಲು ಅದಕ್ಕೆ ಕೊಟ್ಟಿದ್ದ ಅನುಮತಿ ಬರೀ 3 ಡಿಗ್ರಿ. ಮೂರೂ ಎಳೆದಿದೆ. ಸಾಲಲಿಲ್ಲ. 11 ಸೆಕೆಂಡು ಹಾಗೇ ಹೋಗಿದೆ.

ಈ ಪರಿಸ್ಥಿತಿಯಲ್ಲಿ ಫೋರ್ಜ್ಡ್ ಇದ್ದಿದ್ದರೆ ಅವತ್ತು ಬಹುಶಃ ಉಳಿಯುತ್ತಿತ್ತು. ಮುಂದಿನ ಘಾಟಿಯಲ್ಲಿ ಹೆಡ್ ಗ್ಯಾಸ್ಕೆಟ್ಟೋ ಬೇರಿಂಗೋ ಹೋಗಬಹುದಿತ್ತು. ನಾಕ್ ಇದ್ದೇ ಇರುತ್ತಿತ್ತಲ್ಲ.

ಟ್ಯೂನ್ ಮಾಡಿದವರಿಗೆ ಇದನ್ನು ತೋರಿಸಿದೆವು. ಅವರು ವಾದ ಮಾಡಲಿಲ್ಲ, "ಆ ಸಾಲಿಗೆ ಕಾರು ಹೋಗುತ್ತೆ ಅಂತ ನಂಗೆ ಹೊಳೀಲೇ ಇಲ್ಲ" ಅಂದರು. ನನಗೂ ಹೊಳೆದಿರಲಿಲ್ಲ.

ಮೇಸ್ತ್ರಿಯ ಮೇಜಿನ ಮುಂದೆ

2024ರ ಮಾರ್ಚಿಗೆ ಎಂಜಿನ್ ಮತ್ತೆ ಬಿಚ್ಚುವುದು ಅಂತಾಯಿತು. ಈ ಸಲ ಮಾಲೀಕರು ಬೇರೆ ಲೇತ್ ಅಂಗಡಿಗೆ ಹೋದರು. ಅಲ್ಲಿಯ ಮೇಸ್ತ್ರಿಗೆ ಅರವತ್ತು ದಾಟಿದೆ, ಮಾತು ಕಮ್ಮಿ. ಬ್ಲಾಕ್ ತಂದಿಟ್ಟ ತಕ್ಷಣ ಅಳೆಯಲಿಲ್ಲ. "ಬಿಸಿಲಲ್ಲಿ ಬಂದಿದೆ, ನಾಳೆ ಬೆಳಿಗ್ಗೆ ನೋಡಣ" ಅಂದರು. ಬ್ಲಾಕು, ಪಿಸ್ಟನ್ನು, ಮೈಕ್ರೋಮೀಟರು ಮೂರೂ ಒಂದೇ ಕೋಣೆಯಲ್ಲಿ ರಾತ್ರಿ ಕಳೆಯಬೇಕು ಅನ್ನುವುದು ಅವರ ನಿಯಮ. ನೂರರಲ್ಲೊಂದು ಮಿಲಿಮೀಟರ್ ಲೆಕ್ಕಕ್ಕೆ ಬರುವಾಗ ಆ ನಿಯಮ ಬೇಕೇ ಬೇಕು.

ಮರುದಿನ ಬೋರ್ ಗೇಜಲ್ಲಿ ಒಂದೊಂದು ಸಿಲಿಂಡರನ್ನೂ ಮೇಲೆ, ನಡುವೆ, ಕೆಳಗೆ, ಎರಡು ದಿಕ್ಕಿನಲ್ಲಿ ಅಳೆದು ಸೀಮೆಸುಣ್ಣದಲ್ಲಿ ಬ್ಲಾಕಿನ ಮೇಲೇ ಬರೆದರು. 9,000 ಕಿಲೋಮೀಟರಿನ ಸವೆತ ಹೆಚ್ಚೆಂದರೆ 0.01. 2618 ಪಿಸ್ಟನ್ನಿನ ಸ್ಕರ್ಟು (ರಿಂಗುಗಳ ಕೆಳಗಿನ ಭಾಗ) ಒಂದು ಬದಿ ಹೊಳೆಯುತ್ತಿತ್ತು, ಅಷ್ಟೇ. ಆಮೇಲೆ "ಮೊದ್ಲು ಒಡೆದಿದ್ದು ಐತಾ?" ಅಂತ ಕೇಳಿದರು. ಇತ್ತು. ಡಿಕ್ಕಿಯಲ್ಲಿ ಜಾಕ್ ಪಕ್ಕ ಪೇಪರಲ್ಲಿ ಸುತ್ತಿಟ್ಟದ್ದು ಒಂದು ವರ್ಷದಿಂದ ಅಲ್ಲೇ ಓಡಾಡಿಕೊಂಡಿತ್ತು.

ಅವರು ಒಡೆದ ಪಿಸ್ಟನ್ ಕಡೆ ಹೆಚ್ಚು ನೋಡಲೇ ಇಲ್ಲ. ಒಡೆಯದ ಎರಡನೇ ಸಿಲಿಂಡರಿನ ಮೇಲಿನ ರಿಂಗ್ ಎತ್ತಿಕೊಂಡು ಅದರ ಎರಡು ತುದಿಗಳನ್ನು ಬೆಳಕಿಗೆ ಹಿಡಿದರು. "ನೋಡಿ ಸಾರ್, ಕನ್ನಡಿ ಆಗೈತೆ."

ರಿಂಗಿನ ತುದಿಗಳ ನಡುವೆ ಒಂದು ಸಂದು ಇರಬೇಕು. ಬಿಸಿಯಾದಾಗ ರಿಂಗ್ ಉದ್ದವಾಗುತ್ತದೆ, ಆ ಸಂದು ಅದಕ್ಕೆ ಜಾಗ. ಟರ್ಬೊ ಇಲ್ಲದ ಎಂಜಿನ್ನಿಗೆ ಕಾರ್ಖಾನೆ ಇಟ್ಟದ್ದು 0.25 ಮಿ.ಮೀ. ಆಸುಪಾಸು. ಬೂಸ್ಟ್ ಬಂದರೆ ಬಿಸಿ ಜಾಸ್ತಿ, ಆ ಸಂದು ಸಾಲುವುದಿಲ್ಲ. ತುದಿಗೆ ತುದಿ ತಾಗಿ ಉಜ್ಜಿಕೊಳ್ಳುತ್ತವೆ, ಆ ಗುರುತೇ ಹೊಳಪು. ಇನ್ನೂ ಹಿಗ್ಗಿದರೆ ರಿಂಗಿಗೆ ಹೋಗಲು ಜಾಗ ಇಲ್ಲ, ಬೋರಿಗೆ ಬಿಗಿಯಾಗಿ ಒತ್ತಿಕೊಂಡು ರಿಂಗ್ ಲ್ಯಾಂಡನ್ನೇ ಎಳೆಯುತ್ತದೆ. ಅಂದರೆ ಮೂರನೇ ಪಿಸ್ಟನ್ನಿಗೆ ಮೇಲಿನಿಂದ ನಾಕ್ ಏಟು, ಪಕ್ಕದಿಂದ ರಿಂಗ್ ಎಳೆತ, ಎರಡೂ ಒಟ್ಟಿಗೆ ಬಿದ್ದಿರಬೇಕು. ಟರ್ಬೊ ಹಾಕುವ ಮುಂಚೆ ರಿಂಗ್ ಸಂದು ದೊಡ್ಡದು ಮಾಡಿದ್ದರೆ? ಎಂಜಿನ್ ಇಳಿಸಬೇಕು, ಖರ್ಚು ಬೇರೆ. ಎಂಜಿನ್ ಬಿಚ್ಚದೆ ಹಾಕುವ ಕಿಟ್ಟಲ್ಲಿ ಅದನ್ನು ಯಾರೂ ಮಾಡುವುದಿಲ್ಲ.

ಈಗ ಮೂರು ದಾರಿ. 2618ನ್ನೇ ಇಟ್ಟುಕೊಂಡು ಸದ್ದು ಸಹಿಸುವುದು. 4032 ತರಿಸುವುದು. ಇಲ್ಲಾ ಕಂಪನಿಯ ಓವರ್‌ಸೈಜ್ ಕಾಸ್ಟ್ ಪಿಸ್ಟನ್. ನಾನು 4032 ಅಂದೆ, ಈಗಲೂ ಅದನ್ನೇ ಹೇಳುತ್ತೇನೆ. ಸಂದು ಹೆಚ್ಚು ಬೇಡ, ಏಟೂ ತಡೆಯುತ್ತದೆ, ಕಂಪ್ರೆಷನ್ 10 ಇರುವಂಥದ್ದೇ ಮಾಡಿಸಬಹುದು. ಮೇಸ್ತ್ರಿ ಲೆಕ್ಕ ಬೇರೆ ಇತ್ತು. ಕಂಪನಿಯ 0.50 ಓವರ್‌ಸೈಜ್ ಪಿಸ್ಟನ್ ಸ್ಕರ್ಟು 75.47. ಈಗಿರುವ ಬೋರು 75.50, ಸವೆತ ಸೇರಿ 75.51. ಸುಮ್ನೆ ಹೋನ್ ಮಾಡಿದರೆ (ಒಳಗೋಡೆಯನ್ನು ಹಗುರಾಗಿ ಉಜ್ಜಿದರೆ) ಸಾಕು, ಸಂದು 0.04. "ಬ್ಲಾಕ್ ಮತ್ತೆ ಕೊರೀಬೇಡಿ, ಇನ್ನೊಂದ್ಸಲಕ್ಕೆ ಇರ್ಲಿ" ಅಂದರು. 4032 ಹಾಕಿದರೆ ನಮಗೆ ಬೇಕಾದ ಅಳತೆಗೆ ಮಾಡಿಸಬೇಕು, ಇಲ್ಲವೇ ಬೋರನ್ನು ಇನ್ನೂ ಒಂದು ಸೈಜು ದೊಡ್ಡದು ಮಾಡಬೇಕು.

ಮಾಲೀಕರು ಎರಡು ದಿನ ತೆಗೆದುಕೊಂಡರು. ಅವರು ಕೊನೆಗೆ ನನ್ನನ್ನು ಕೇಳಿದ ಪ್ರಶ್ನೆ ನೇರವಾಗಿತ್ತು: "ನಂಗೆ ಎಷ್ಟು ಪವರ್ ಬೇಕು ಅಂತ ನೀವ್ಯಾರೂ ಕೇಳಲೇ ಇಲ್ವಲ್ಲ?" ಕೇಳಿರಲಿಲ್ಲ. ಅವರಿಗೆ ಬೇಕಿದ್ದದ್ದು ಘಾಟಿಯಲ್ಲಿ ಲಾರಿ ದಾಟುವಷ್ಟು, 150 ಅಶ್ವಶಕ್ತಿ ಹತ್ತಿರ. 200 ಬೇಕು, ಟ್ರ್ಯಾಕಿಗೆ ಒಯ್ಯುತ್ತೇನೆ ಅಂದಿದ್ದರೆ ಮಾತೇ ಬೇರೆ, ಕಣ್ಣು ಮುಚ್ಚಿ ಫೋರ್ಜ್ಡ್, ಜೊತೆಗೆ ಕನೆಕ್ಟಿಂಗ್ ರಾಡೂ. 150ಕ್ಕೆ ಬೇಡ. ಕಾರ್ಖಾನೆಯಿಂದಲೇ ಟರ್ಬೊ ಜೊತೆ ಬರುವ ಮಾಮೂಲಿ ಪೆಟ್ರೋಲ್ ಕಾರುಗಳಲ್ಲಿ ಬಹುಪಾಲು ಕಾಸ್ಟ್ ಪಿಸ್ಟನ್ನೇ ಇರುವುದು. ಅವು ಉಳಿಯುವುದು ಟ್ಯೂನ್, ರಿಂಗ್, ಪಿಸ್ಟನ್ನಿಗೆ ಆಯಿಲ್ ಚಿಮ್ಮುವ ಜೆಟ್, ತಂಪು ಎಲ್ಲ ಒಂದಕ್ಕೊಂದು ಹೊಂದಿರುವುದರಿಂದ.

ಕಾಸ್ಟ್ ಅಂತ ತೀರ್ಮಾನವಾಯಿತು.

ಮೇಸ್ತ್ರಿ ರಿಂಗ್ ಸಂದು ಮಾಡುವುದನ್ನು ನಾನು ನಿಂತು ನೋಡಿದೆ. ರಿಂಗನ್ನು ಬೋರಿಗೆ ಇಳಿಸಿ, ಪಿಸ್ಟನ್ ತಲೆಕೆಳಗೆ ಹಿಡಿದು ಅದರಿಂದಲೇ ಒಂದಿಂಚು ಕೆಳಗೆ ತಳ್ಳಿ ನೇರ ಮಾಡುತ್ತಾರೆ. ತುದಿಗಳ ಸಂದಿಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸುತ್ತಾರೆ. ತೆಗೆದು ಸಣ್ಣ ಅರದಲ್ಲಿ ಎರಡು ಎಳೆತ, ಹೊರಗಿನಿಂದ ಒಳಕ್ಕೆ ಮಾತ್ರ, ಇಲ್ಲವಾದರೆ ಹೊರ ಅಂಚು ಚಕ್ಕೆ ಏಳುತ್ತದೆ. ಮತ್ತೆ ಇಳಿಸಿ ಅಳತೆ. ಒಂದೊಂದು ರಿಂಗಿಗೆ ಹತ್ತು ಹನ್ನೆರಡು ಸಲ. ಮೇಲಿನ ನಾಲ್ಕಕ್ಕೆ 0.45, ಎರಡನೇ ನಾಲ್ಕಕ್ಕೆ ಅದಕ್ಕಿಂತ ಒಂದು ಸ್ವಲ್ಪ ಜಾಸ್ತಿ. ಮಧ್ಯಾಹ್ನದ ಊಟದ ಹೊತ್ತಾದರೂ ಏಳಲಿಲ್ಲ.

ಆಮೇಲೆ

ಈ ಸಲ ಟ್ಯೂನ್ ಎರಡು ಕಡೆ ನಡೆಯಿತು. ಬೆಂಗಳೂರಲ್ಲಿ ಅರ್ಧ, ಉಳಿದದ್ದು ಕರಾವಳಿಯಲ್ಲಿ. ಟ್ಯೂನ್ ಮಾಡಿದವರು ತಮ್ಮ ಖರ್ಚಿನಲ್ಲೇ ಬಂದರು, ಅದನ್ನು ಹೇಳಲೇಬೇಕು. ಬೇಕಂತಲೇ ಮೇ ತಿಂಗಳ ಮಧ್ಯಾಹ್ನ, ನಾಲ್ಕು ಜನ ಕೂತು, ಎಸಿ ಹಾಕಿ, ಗುಂಡ್ಯದಿಂದ ಹತ್ತುತ್ತ 140ರ ಸಾಲನ್ನು ತುಂಬಿದರು. ಬೂಸ್ಟ್ 0.35ಕ್ಕೆ ಇಳಿಯಿತು. ಇಂಟರ್‌ಕೂಲರ್ ದೊಡ್ಡದಾಯಿತು. ಒಳಗಿನ ಗಾಳಿ 50 ಡಿಗ್ರಿ ದಾಟಿದರೆ ಟೈಮಿಂಗ್ ತಾನಾಗಿ ಕಮ್ಮಿಯಾಗುವ ಹಾಗೆ ಮಾಡಿದರು. ನಾಕ್ ಸೆನ್ಸರಿಗೆ 3ರ ಬದಲು 8 ಡಿಗ್ರಿ ಎಳೆಯುವ ಅಧಿಕಾರ ಸಿಕ್ಕಿತು, ಅದಕ್ಕೂ ಮೀರಿದರೆ ಬೂಸ್ಟೇ ಕಟ್. ಸ್ಲ್ಯಾಪ್ ಇಲ್ಲದ್ದರಿಂದ ಸೆನ್ಸರ್ ಈಗ ಸುಳ್ಳು ಹೇಳುವುದಿಲ್ಲ.

ನಡುವೆ ಇನ್ನೊಂದು ತಲೆನೋವು ಬಂತು. ಬಂಕುಗಳಲ್ಲಿ ಇ20 (ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್) ಬಂದ ಮೇಲೆ ಪೆಟ್ರೋಲಿಗೆ ಬೇಕಾದ ಗಾಳಿಯ ಪ್ರಮಾಣವೇ ಬದಲಾಯಿತು. ಇ10ಗೆ ಒಂದು ಪಾಲಿಗೆ ಸುಮಾರು 14.1 ಪಾಲು ಗಾಳಿ, ಇ20ಗೆ 13.5. ನಿಧಾನವಾಗಿ ಓಡಿಸುವಾಗ ಆಕ್ಸಿಜನ್ ಸೆನ್ಸರ್ ಅದನ್ನು ಸರಿ ಮಾಡಿಕೊಳ್ಳುತ್ತದೆ. ಈ ಇಸಿಯುನಲ್ಲಿ ಫುಲ್ ಒತ್ತಿದಾಗ ಆ ತಿದ್ದುಪಡಿ ಇರುವುದಿಲ್ಲ, ಪೆಟ್ರೋಲ್ ಶೇ. 4ರಷ್ಟು ಕಮ್ಮಿ ಬಿದ್ದ ಹಾಗಾಗುತ್ತದೆ. ಲಾಗ್‌ನಲ್ಲಿ ಕಂಡಿತು, ಬೂಸ್ಟ್ ಭಾಗಕ್ಕೆ ಇಂಧನ ಸ್ವಲ್ಪ ಏರಿಸಿದೆವು.

22,000 ಕಿಲೋಮೀಟರ್ ಆಗಿದೆ. ಮೈಲೇಜು 12.5. ಆಯಿಲ್ ಬದಲಿಸುವ ಹೊತ್ತಿಗೆ ಡಿಪ್‌ಸ್ಟಿಕ್ಕಿನಲ್ಲಿ ಇಳಿದದ್ದು ಕಣ್ಣಿಗೆ ಕಾಣುವಷ್ಟು ಇಲ್ಲ. ಬೆಳಿಗ್ಗೆ ಸದ್ದಿಲ್ಲ. ಹೋದ ಸಲ ಸ್ಪಾರ್ಕ್ ಪ್ಲಗ್ ತೆಗೆದು ಕ್ಯಾಮೆರಾ ಇಳಿಸಿ ನೋಡಿದಾಗ ಮೂರನೇ ಬೋರಿನಲ್ಲಿ ಹೋನ್ ಗೆರೆಗಳು ಇನ್ನೂ ಅಡ್ಡಡ್ಡ ಕಾಣುತ್ತಿದ್ದವು. 2618 ಸೆಟ್ಟನ್ನು ಆಟೋಕ್ರಾಸ್ ಓಡಿಸುವ ಹುಡುಗನೊಬ್ಬ ಅರ್ಧ ಬೆಲೆಗೆ ಒಯ್ದ, ಅವನಿಗೆ ಅದು ಸರಿಯಾದ ಪಿಸ್ಟನ್ನೇ.

ಮೊದಲ ಸಲ ಪಿಸ್ಟನ್, ಬೋರಿಂಗ್, ಜೋಡಣೆ ಎಲ್ಲ ಸೇರಿ ಒಂದೂಕಾಲು ಲಕ್ಷ ಹತ್ತಿರ ಹೋಗಿತ್ತು. ಎರಡನೇ ಸಲ ಅದರ ಅರ್ಧಕ್ಕಿಂತ ಕಮ್ಮಿ.

ಹೋದ ವಾರ ಮಾಲೀಕರ ಮೆಸೇಜು ಬಂದಿತ್ತು. "ಎಲ್ಲ ಚೆನ್ನಾಗಿದೆ ಅಲ್ವಾ, ಬೂಸ್ಟ್ ಒಂದು 0.1 ಏರಿಸಬಹುದಾ?" ಲಾಗ್ ಕಳಿಸಿ ಅಂದಿದ್ದೇನೆ, ಇನ್ನೂ ಬಂದಿಲ್ಲ.